ತಲೆ, ಕಾಲು, ಬೋಟಿ: ಮಿತವ್ಯಯದ ಅಡಿಗೆಯ ವಿಜ್ಞಾನ

೨೦ ಕಿಲೋಗ್ರಾಂ ತೂಗುವ ಮೇಕೆಯೊಂದನ್ನು ಕೊಯ್ದು ಹಸನುಮಾಡಿದರೆ ಮೂಳೆಸಹಿತವಾಗಿ ದೊರೆಯುವ ಮಾಂಸವು ೧೦ ಕಿಲೋಗ್ರಾಮನ್ನು ಮೀರುವುದು ಅಪರೂಪ. ಉಳಿದುದೆಲ್ಲವೂ ಚರ್ಮ, ತಲೆ, ಕಾಲು, ರಕ್ತ, ಒಡಲಿನ ಅಂಗಗಳು ಮತ್ತು ಅರೆ ಜೀರ್ಣವಾದ ಮೇವು. ಚನ್ನಗಿರಿ ತಾಲ್ಲೂಕಿನ ನಲ್ಲೂರಿನಂತಹ ಊರುಗಳಲ್ಲಿ ಮಾಂಸಾಹಾರಿಗಳ ಮನೆಯವರು ಈ ಉಳಿದ ಭಾಗವನ್ನು ಕಸವೆಂದು ಎಣಿಸಿದವರಲ್ಲ. ತಲೆಯೂ ಕಾಲೂ ಸಾರಾಗುತ್ತವೆ. ಜಠರವೂ ಕರುಳೂ ಬೋಟಿಯೆಂಬ ಹೆಸರಿನಿಂದ ಗೊಜ್ಜಾಗುತ್ತವೆ. ಯಕೃತ್ತು, ಅಂದರೆ ಈಲಿಯು, ಮೆಣಸು ಬೆಳ್ಳುಳ್ಳಿಗಳೊಡನೆ ಹುರಿಯಲ್ಪಡುತ್ತದೆ. ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಹಲವರು ಹಣ ಕೂಡಿಸಿ ಪ್ರಾಣಿಯನ್ನು ಕೊಂಡು, ಮಾಂಸವನ್ನು ಗುಡ್ಡೆಗಳಾಗಿ ಪಾಲು ಹಾಕಿಕೊಳ್ಳುವ ಪದ್ಧತಿಯುಂಟು. ಪಾಲು ಸಮನಾಗಬೇಕಾದರೆ ಪ್ರತಿಯೊಂದು ಗುಡ್ಡೆಗೂ ಈಲಿಯ ಚೂರೊಂದು, ಬೋಟಿಯ ಚೂರೊಂದು ಬೀಳಲೇಬೇಕು.

ಇಂದು ಪೇಟೆಯ ಮನೆಗಳಲ್ಲಿ ಈ ಪದಾರ್ಥಗಳನ್ನು ಕೀಳೆಂದು ತಿಳಿಯುವವರು ಹೆಚ್ಚುತ್ತಿದ್ದಾರೆ. ಇನ್ನೊಂದು ಕಡೆ, ಕಾಲುಸಾರು ಸರ್ವರೋಗಗಳಿಗೂ ಮದ್ದೆಂದು ನಂಬುವವರೂ ಇದ್ದಾರೆ. ಈ ಎರಡು ಅಭಿಪ್ರಾಯಗಳನ್ನೂ ವಿಜ್ಞಾನದ ತಕ್ಕಡಿಯಲ್ಲಿಟ್ಟು ತೂಗಿ ನೋಡೋಣ.

ಮೊದಲು ಒಲೆಯ ಬಳಿಯ ಪ್ರಶ್ನೆಯನ್ನೇ ಎತ್ತಿಕೊಳ್ಳೋಣ. ಈಲಿಯು ಕೆಲವೇ ನಿಮಿಷಗಳಲ್ಲಿ ಬೇಯುತ್ತದೆ. ಹೆಚ್ಚು ಹೊತ್ತು ಬೇಯಿಸಿದರೆ ರಬ್ಬರಿನಂತೆ ಗಡುಸಾಗುತ್ತದೆ. ಕಾಲಾದರೋ ಗಂಟೆಗಟ್ಟಲೆ ಬೆಂದಷ್ಟೂ ಮೆದುವಾಗುತ್ತದೆ. ಒಂದೇ ಪ್ರಾಣಿಯ ಎರಡು ಅಂಗಗಳಲ್ಲಿ ಇಂತಹ ವಿರುದ್ಧ ಗುಣಗಳು ಬಂದುದೇಕೆ? ಈಲಿಯು ಬಹುಮಟ್ಟಿಗೆ ಮೃದುವಾದ ಜೀವಕೋಶಗಳ ಗೊಂಚಲು. ಅದರ ಪ್ರೋಟೀನುಗಳು ಮೊಟ್ಟೆಯ ಬಿಳಿಯ ಭಾಗದಂತೆ ೬೦ರಿಂದ ೮೦ ಡಿಗ್ರಿ ಸೆಂಟಿಗ್ರೇಡಿನೊಳಗೆ ಹೆಪ್ಪುಗಟ್ಟುತ್ತವೆ. ಅನಂತರ ಕೊಡುವ ಶಾಖವು ನೀರನ್ನು ಹಿಂಡಿ ಹೊರಹಾಕುತ್ತದೆಯೇ ಹೊರತು ಬೇರಾವ ಪ್ರಯೋಜನವನ್ನೂ ಮಾಡದು. ಕಾಲಿನಲ್ಲಿ ಮಾಂಸಖಂಡ ಅತ್ಯಲ್ಪ. ಅಲ್ಲಿರುವುದು ಚರ್ಮ, ಸ್ನಾಯುರಜ್ಜು, ಕೀಲು. ಇವೆಲ್ಲವುಗಳ ಮೂಲವಸ್ತು ಕೊಲಾಜೆನ್ ಎಂಬ ಪ್ರೋಟೀನು.

ಕೊಲಾಜೆನ್ನಿನ ರಚನೆಯನ್ನು ಬಿಡಿಸಿ ತೋರಿಸಿದವರಲ್ಲಿ ನಮ್ಮ ದೇಶದ ಭೌತವಿಜ್ಞಾನಿಯೊಬ್ಬರು ಅಗ್ರಗಣ್ಯರು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಸರ್ ಸಿ. ವಿ. ರಾಮನ್ ಅವರ ಶಿಷ್ಯರಾಗಿದ್ದ ಜಿ. ಎನ್. ರಾಮಚಂದ್ರನ್ ಅವರು ಮದರಾಸು ವಿಶ್ವವಿದ್ಯಾನಿಲಯದಲ್ಲಿ ಗೋಪಿನಾಥ ಕರ್ತಾ ಅವರೊಡನೆ ಕ್ಷಕಿರಣಗಳ ನೆರವಿನಿಂದ ಇದನ್ನು ಪರೀಕ್ಷಿಸಿ, ಮೂರು ಎಳೆಗಳು ಹಗ್ಗದಂತೆ ಹೆಣೆದುಕೊಂಡಿರುತ್ತವೆಂದು ೧೯೫೪ರಲ್ಲಿ ಪ್ರಕಟಿಸಿದರು. ಹೊಸೆದ ಹಗ್ಗವನ್ನು ಜಗಿಯುವುದು ಹೇಗೆ ಕಷ್ಟವೋ ಹಾಗೆಯೇ ಬೇಯದ ಕಾಲನ್ನು ಜಗಿಯುವುದೂ ಕಷ್ಟ. ಬಿಸಿನೀರಿನಲ್ಲಿ ಬಹುಕಾಲವಿದ್ದರೆ ಈ ಹುರಿ ಬಿಚ್ಚುತ್ತದೆ. ಬಿಡಿಯಾದ ಎಳೆಗಳು ನೀರಿನಲ್ಲಿ ಕರಗುತ್ತವೆ. ಇದೇ ಜೆಲಟಿನ್. ಸಾರು ತಣಿದಾಗ ಎಳೆಗಳು ಅಲ್ಲಲ್ಲಿ ಮತ್ತೆ ಹೆಣೆದುಕೊಂಡು ಬಲೆಯಾಗಿ, ನೀರನ್ನು ತಮ್ಮೊಳಗೆ ಹಿಡಿದಿಡುತ್ತವೆ. ಚಳಿಗಾಲದ ರಾತ್ರಿ ಮಡಕೆಯಲ್ಲಿ ಉಳಿದ ಕಾಲುಸಾರು ಬೆಳಗಾಗುವಷ್ಟರಲ್ಲಿ ಗಟ್ಟಿಯಾಗುವುದು ಇದರಿಂದಲೇ. ಈ ಬಲೆ ನಮ್ಮ ದೇಹದ ಉಷ್ಣತೆಗಿಂತ ತುಸು ಕೆಳಗೇ ಕರಗುವುದರಿಂದ ಅದು ಬಾಯಲ್ಲಿಟ್ಟೊಡನೆ ನೀರಾಗುತ್ತದೆ.

ಹುರಿ ಬಿಚ್ಚುವ ವೇಗವು ಉಷ್ಣತೆಯನ್ನು ಅವಲಂಬಿಸಿದೆ. ಚನ್ನಗಿರಿ ಸೀಮೆಯು ಸಮುದ್ರಮಟ್ಟದಿಂದ ೬೦೦ ಮೀಟರಿಗೂ ಮಿಗಿಲಾದ ಎತ್ತರದಲ್ಲಿರುವುದರಿಂದ ಅಲ್ಲಿ ತೆರೆದ ಪಾತ್ರೆಯ ನೀರು ಸುಮಾರು ೯೮ ಡಿಗ್ರಿಗೇ ಕುದಿಯುತ್ತದೆ. ಎಷ್ಟೇ ಸೌದೆ ಒಟ್ಟಿದರೂ ಉಷ್ಣತೆ ಅದಕ್ಕಿಂತ ಮೇಲೇರದು. ಹೆಚ್ಚಿನ ಶಾಖವೆಲ್ಲ ಹಬೆಯಾಗಿ ಹಾರಿಹೋಗುತ್ತದೆ. ಪ್ರೆಷರ್ ಕುಕ್ಕರಿನಲ್ಲಾದರೆ ಹಬೆಯ ಒತ್ತಡದಿಂದ ಕುದಿಯುವ ಬಿಂದುವು ಸುಮಾರು ೧೨೦ ಡಿಗ್ರಿಗೆ ಏರುತ್ತದೆ. ಉಷ್ಣತೆಯು ೧೦ ಡಿಗ್ರಿ ಏರಿದಂತೆಲ್ಲ ರಾಸಾಯನಿಕ ಕ್ರಿಯೆಯ ವೇಗ ಇಮ್ಮಡಿಯಾಗುತ್ತದೆ ಎಂಬ ಸ್ಥೂಲ ನಿಯಮವನ್ನು ಹಿಡಿದರೆ, ಮೂರು ಗಂಟೆಯ ಕೆಲಸವು ಮುಕ್ಕಾಲು ಗಂಟೆಗೆ ಇಳಿಯುತ್ತದೆ. ಮಿತವ್ಯಯವೆಂಬುದು ಮಾಂಸದಲ್ಲಿ ಮಾತ್ರವಲ್ಲ, ಸೌದೆಯಲ್ಲಿಯೂ ಇರಬೇಕಷ್ಟೆ!

ಈ ಪಾತ್ರೆಯ ಹುಟ್ಟೇ ಮೂಳೆಯ ಸಾರಿಗಾಗಿ ಎಂಬುದನ್ನು ವಾಚಕರಲ್ಲಿ ಹಲವರು ಅರಿತಿರಲಾರರು. ಫ್ರಾನ್ಸಿನ ಡೆನಿಸ್ ಪಾಪಿನ್ ೧೬೭೯ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಮೂಳೆಗಳನ್ನು ಮೆದುಮಾಡುವ ಯಂತ್ರವನ್ನು ತಂದಿಟ್ಟನು. ಎಸೆಯುವ ಮೂಳೆಗಳಿಂದ ಅಗ್ಗದ ಆಹಾರವನ್ನು ತೆಗೆಯಬಹುದೆಂಬುದು ಅವನ ಆಶಯವಾಗಿತ್ತು. ಪಾತ್ರೆ ಸಿಡಿಯದಂತೆ ಅವನು ಅಳವಡಿಸಿದ ರಕ್ಷಣಾ ಕವಾಟವು ಮುಂದೆ ಹಬೆಯಂತ್ರಗಳಿಗೂ ಅತ್ಯಗತ್ಯವಾಯಿತು.

ಇನ್ನು ಪುಷ್ಟಿಯ ಮಾತು. ಜೆಲಟಿನ್ನಿನಲ್ಲಿ ಟ್ರಿಪ್ಟೊಫಾನ್ ಎಂಬ ಅವಶ್ಯಕ ಅಮೈನೊ ಆಮ್ಲವು ಇಲ್ಲವೇ ಇಲ್ಲ. ಬಡವರಿಗೆ ಮೂಳೆಯ ಸಾರೊಂದೇ ಸಾಕೆಂಬ ವಾದವನ್ನು ಪರಿಶೀಲಿಸಿದ ಪ್ಯಾರಿಸ್ಸಿನ ಸಮಿತಿಯು, ಮಜಾಂಡಿಯ ನೇತೃತ್ವದಲ್ಲಿ, ಬರಿಯ ಜೆಲಟಿನ್ನಿನಿಂದ ನಾಯಿಗಳೂ ಬದುಕಲಾರವೆಂದು ೧೮೪೧ರಲ್ಲಿ ವರದಿಮಾಡಿತು. ಮುರಿದ ಮೂಳೆಯನ್ನು ಕಾಲುಸಾರು ಕೂಡಿಸುತ್ತದೆಂಬ ನಂಬಿಕೆಯೂ ಅತಿಯಾದುದೇ. ಜೆಲಟಿನ್ ಹೊಟ್ಟೆಯಲ್ಲಿ ಜೀರ್ಣವಾಗಿ ಬಿಡಿಬಿಡಿಯಾಗುತ್ತದೆ; ಸಾರಿಗೆ ಇಳಿಯುವ ಸುಣ್ಣದ ಅಂಶವೂ ಅತ್ಯಲ್ಪ. ಆ ಸಾರಿನೊಡನೆ ಉಣ್ಣುವ ಮುದ್ದೆಯ ವಿಷಯ ಬೇರೆ: ೧೦೦ ಗ್ರಾಂ ರಾಗಿಯಲ್ಲಿ ಸುಮಾರು ೩೫೦ ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮೂಳೆಗೆ ನೆರವಾಗುವ ಕೀರ್ತಿಯಲ್ಲಿ ಹೆಚ್ಚಿನ ಪಾಲು ರಾಗಿಗೇ ಸಲ್ಲಬೇಕು.

ಈಲಿಯ ಸಂಗತಿ ಹಾಗಲ್ಲ. ಮಾರಕ ರಕ್ತಹೀನತೆಯೆಂಬ ರೋಗವು ಈಲಿಯ ಆಹಾರದಿಂದ ಹತೋಟಿಗೆ ಬರುವುದೆಂದು ಅಮೆರಿಕದ ಮೈನಾಟ್ ಮತ್ತು ಮರ್ಫಿ ಎಂಬವರು ೧೯೨೬ರಲ್ಲಿ ತೋರಿಸಿದರು. ವಿಪ್ಪಲ್ ಅವರೊಡನೆ ಅವರಿಗೆ ೧೯೩೪ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಆ ಗುಣಕ್ಕೆ ಕಾರಣವಾದ ವಿಟಮಿನ್ ಬಿ-೧೨ನ್ನು ೧೯೪೮ರಲ್ಲಿ ಬೇರ್ಪಡಿಸಲಾಯಿತು. ಈಲಿಯಲ್ಲಿರುವ ಕಬ್ಬಿಣವನ್ನು ಸೊಪ್ಪಿನಲ್ಲಿರುವ ಕಬ್ಬಿಣಕ್ಕಿಂತ ಸುಲಭವಾಗಿ ದೇಹವು ಹೀರಿಕೊಳ್ಳುತ್ತದೆ. ಇರುಳುಗುರುಡನ್ನು ತಡೆಯುವ ವಿಟಮಿನ್ ಎ ಅದರಲ್ಲಿ ಹೇರಳವಾಗಿದೆ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ ೧೫ರಿಂದ ೪೯ ವರ್ಷದ ಸ್ತ್ರೀಯರಲ್ಲಿ ನೂರಕ್ಕೆ ೫೭ ಮಂದಿ ರಕ್ತಹೀನತೆಯುಳ್ಳವರು. ಮಾಂಸ ತಿನ್ನುವ ಮನೆಯಲ್ಲಿ ಈಲಿಯನ್ನು ಕೀಳೆಂದು ದೂರಮಾಡುವುದು ಜಾಣತನವಲ್ಲ. ಅದು ಗಂಡಸರ ತಟ್ಟೆಗೆ ಮಾತ್ರ ಬೀಳುವುದೂ ನ್ಯಾಯವಲ್ಲ.

ಆದರೂ ಕೆಲವು ಎಚ್ಚರಿಕೆಗಳು ಅವಶ್ಯ. ಅತಿಯಾದ ವಿಟಮಿನ್ ಎ ಗರ್ಭಸ್ಥ ಶಿಶುವಿಗೆ ಹಾನಿಕರವಾದುದರಿಂದ ಬಸುರಿಯರು ವೈದ್ಯರನ್ನು ಕೇಳದೆ ಈಲಿಯನ್ನು ತಿನ್ನಬಾರದು. ಯೂರಿಕ್ ಆಮ್ಲದಿಂದ ಕೀಲುನೋವು ಬಂದಿರುವವರಿಗೆ ಒಡಲಿನ ಅಂಗಗಳು ಹಿತವಲ್ಲ. ಮಿದುಳಿನಲ್ಲಿ ಕೊಲೆಸ್ಟರಾಲ್ ಅತ್ಯಧಿಕ. ಬೋಟಿಯನ್ನು ಬಿಸಿನೀರಿನಲ್ಲಿ ಅದ್ದಿ, ಒಳಪದರವನ್ನು ಕೆರೆದು, ಹಲವು ನೀರಿನಲ್ಲಿ ತೊಳೆದು, ಪೂರ್ಣವಾಗಿ ಬೇಯಿಸಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ಕುರಿ ಮೇಕೆಗಳ ಈಲಿ, ಶ್ವಾಸಕೋಶಗಳಲ್ಲಿ ಕೆಲವೊಮ್ಮೆ ನೀರು ತುಂಬಿದ ಬಿಳಿಯ ಗುಳ್ಳೆಗಳು ಕಾಣುತ್ತವೆ. ಇವು ನಾಯಿಯ ಲಾಡಿಹುಳುವೊಂದರ ಮರಿಗಳ ಗೂಡುಗಳು. ಅಂತಹ ಭಾಗವನ್ನು ಹಸಿಯಾಗಿ ನಾಯಿಗೆ ಎಸೆದರೆ ಹುಳು ನಾಯಿಯ ಕರುಳಿನಲ್ಲಿ ಬೆಳೆಯುತ್ತದೆ. ಅದರ ಮೊಟ್ಟೆಗಳು ಮಲದೊಡನೆ ಹೊರಬಿದ್ದು, ಕೈಗಳಿಂದ, ಸೊಪ್ಪಿನಿಂದ ಮನುಷ್ಯನ ಬಾಯಿ ಸೇರಿ, ಅವನ ಈಲಿಯಲ್ಲಿಯೂ ಅಂತಹುದೇ ಗುಳ್ಳೆಗಳನ್ನು ಎಬ್ಬಿಸುತ್ತವೆ. ಗುಳ್ಳೆಯಿರುವ ಅಂಗವನ್ನು ಸುಡಬೇಕು ಅಥವಾ ನಾಯಿ ಕೆದಕದಷ್ಟು ಆಳದಲ್ಲಿ ಹೂಳಬೇಕು. ಏನನ್ನೂ ವ್ಯರ್ಥಮಾಡಬಾರದೆಂಬ ಹಿರಿಯರ ನಿಯಮಕ್ಕೆ ವಿಜ್ಞಾನವು ಸೇರಿಸುವ ಏಕೈಕ ವಿನಾಯಿತಿ ಇದು.