ಇಪ್ಪತ್ತೈದು ಗಂಟೆಯ ರಾತ್ರಿ

ಪ್ರವಾಸಕಥನಗಳನ್ನು ಬರೆದವರು ಸಾಮಾನ್ಯವಾಗಿ ಹೊರಟ ಊರನ್ನೂ ತಲಪಿದ ಊರನ್ನೂ ವರ್ಣಿಸುತ್ತಾರೆ. ನಡುವಣ ದಾರಿಯನ್ನು ಒಂದೆರಡು ವಾಕ್ಯಗಳಲ್ಲಿ ದಾಟಿಬಿಡುತ್ತಾರೆ. ಹಡಗಿನಲ್ಲಿ ಹೋದವರ ಮಾತು ಬೇರೆ. ಮುಂಬಯಿಯಿಂದ ಸುಯೆಜ್ ಕಾಲುವೆಯ ಮಾರ್ಗವಾಗಿ ಇಂಗ್ಲೆಂಡನ್ನು ಮುಟ್ಟಲು ವಾರಗಳೇ ಹಿಡಿಯುತ್ತಿದ್ದ ಕಾಲದಲ್ಲಿ ದಾರಿಯೂ ಒಂದು ಊರೇ ಆಗಿತ್ತು. ದಿನಕ್ಕಿಷ್ಟು ಎಂದು ಗಡಿಯಾರದ ಮುಳ್ಳನ್ನು ಹಿಂದಕ್ಕೆ ತಿರುಗಿಸುತ್ತ ತಿರುಗಿಸುತ್ತ ದೇಹವೂ ಹೊಸ ಕಾಲಕ್ಕೆ ಒಗ್ಗಿಕೊಳ್ಳುತ್ತಿತ್ತು. 1948ರ ಜೂನ್ 8ರಂದು ಏರ್ ಇಂಡಿಯಾದ ‘ಮಲಬಾರ್ ಪ್ರಿನ್ಸೆಸ್’ ವಿಮಾನವು ಮುಂಬಯಿಯಿಂದ ಲಂಡನ್ನಿಗೆ ಮೊದಲ ಸಲ ಹೊರಟಾಗಲೂ ಕೈರೋ ಮತ್ತು ಜಿನೀವಾಗಳಲ್ಲಿ ಇಳಿದು, ಏರಿ, ಹೋಯಿತು. ಈಗಿನ ವಿಮಾನ ಒಂದೇ ಉಸಿರಿಗೆ ಭೂಮಿಯ ಅರ್ಧ ಸುತ್ತನ್ನು ದಾಟಬಲ್ಲದು. ವೇಗ ಹೆಚ್ಚಿತು, ನಿಜ. ಆದರೆ ಮುದಿ ತಾಯಿಯನ್ನೂ ಹೆಂಡತಿ ಮಕ್ಕಳನ್ನೂ ಕಟ್ಟಿಕೊಂಡು ಹೊರಟ ಸಂಸಾರಿಗೆ ಆ ದಾರಿ ಒಂದೆರಡು ವಾಕ್ಯಗಳಲ್ಲಿ ಮುಗಿಯುವಂಥದಲ್ಲ.

ಹಾಸನದವರಿಗೆ ಅಮೆರಿಕವೇನೂ ಅಪರಿಚಿತವಲ್ಲ. ನಮ್ಮ ಜಿಲ್ಲೆಯವರೇ ಆದ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ‘ಅಮೆರಿಕದಲ್ಲಿ ಗೊರೂರು’ ಗ್ರಂಥಕ್ಕೆ 1980ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ನಾನು ಅದನ್ನು ತರಗತಿಯಲ್ಲಿ ಎಷ್ಟೋ ಸಲ ಎತ್ತಿ ಮಾತನಾಡಿದ್ದೇನೆ. ನಮ್ಮ ಪ್ರಯಾಣದ ಉದ್ದೇಶ ಮಾತ್ರ ಸಾಹಿತ್ಯಕ್ಕೆ ಸಂಬಂಧಿಸಿದ್ದಲ್ಲ. ಅಯೋವಾ ರಾಜ್ಯದ ಡೆಮಾಯ್ನ್ ನಗರದಲ್ಲಿರುವ ನನ್ನ ತಂಗಿಗೆ ಜನವರಿಯಲ್ಲಿ ಹೆರಿಗೆ. ಅಮ್ಮ ಬಾಣಂತನಕ್ಕೆ ಹೋಗಬೇಕು. ಎಪ್ಪತ್ತೆರಡು ವರ್ಷದ ಹೆಂಗಸನ್ನು ಒಬ್ಬಳನ್ನೇ ಕಳುಹಿಸುವುದು ಹೇಗೆ? ನಾನು ರಜೆ ಹಾಕಿದೆ. ಮಕ್ಕಳಿಗೆ ಕ್ರಿಸ್‌ಮಸ್ ರಜೆಯಿತ್ತು. ನಾವು ಐದು ಜನರೂ 2024ರ ಡಿಸೆಂಬರ್ 25ರಂದು ಹೊರಟೆವು. ಅಮ್ಮನ ಪೆಟ್ಟಿಗೆಯಲ್ಲಿ ಬಾಣಂತಿ ಲೇಹ್ಯ, ಅಂಟು, ಒಣಶುಂಠಿ, ಬಜೆ, ಮಗುವಿಗೆ ಹಾಸಲು ಒಗೆದು ಒಗೆದು ಮೆತ್ತಗಾದ ನಾಲ್ಕು ನೂಲಿನ ಸೀರೆ.

ಒಂದು ತೊಡಕು ಮಾತ್ರ ಪೆಟ್ಟಿಗೆಯ ಹೊರಗೆ ಉಳಿಯಿತು. ಮರುದಿನ ಮಾರ್ಗಶಿರ ಬಹುಳ ಏಕಾದಶಿ.

ಅಮ್ಮ ಏಕಾದಶಿಯನ್ನು ನಲವತ್ತು ವರ್ಷಗಳಿಂದ ಬಿಟ್ಟವಳಲ್ಲ. ಈಗ ಅವಳಿಗೆ ಸಕ್ಕರೆ ಕಾಯಿಲೆ. ಎರಡು ವರ್ಷಗಳ ಹಿಂದೆ ಇಂಥದೇ ಒಂದು ಏಕಾದಶಿಯ ಸಂಜೆ ಮಾತ್ರೆ ನುಂಗಿ ಬರಿಹೊಟ್ಟೆಯಲ್ಲಿದ್ದವಳು ಅಡಿಗೆಮನೆಯಲ್ಲಿ ತಲೆ ಸುತ್ತಿ ಬಿದ್ದಳು. ಮೈಯೆಲ್ಲ ಬೆವರು, ಕರೆದರೆ ಓಗೊಡಲಿಲ್ಲ. ಸಕ್ಕರೆ ನೀರು ಬಾಯಿಗೆ ಹೋದ ಮೇಲೆ ಕಣ್ಣು ತೆರೆದಳು. ಅಂದಿನಿಂದ ಹಾಲು ಹಣ್ಣಿನ ಮಟ್ಟಿಗೆ ವೈದ್ಯರಿಗೂ ಅವಳಿಗೂ ರಾಜಿಯಾಗಿದೆ. ಆದರೆ ಪ್ರಯಾಣದ ವಿಷಯದಲ್ಲಿ ವೈದ್ಯರು ಕಟ್ಟುನಿಟ್ಟಾಗಿ ಹೇಳಿದ್ದರು: ಪಶ್ಚಿಮಕ್ಕೆ ಹೋಗುವಾಗ ದಿನ ಹಿಗ್ಗುತ್ತದೆ, ಊಟ ಮಾತ್ರೆಗಳ ಲೆಕ್ಕ ತಪ್ಪಕೂಡದು, ದಾರಿಯಲ್ಲಿ ಉಪವಾಸ ಬೇಡವೇ ಬೇಡ. ಅವರು ಬರೆದುಕೊಟ್ಟ ಚೀಟಿಯಲ್ಲಿದ್ದ ಗಂಟೆಗಳೆಲ್ಲ ನಮ್ಮೂರಿನವು. ಆದುದರಿಂದ ನನ್ನ ಕೈಗಡಿಯಾರವನ್ನು ದಾರಿಯುದ್ದಕ್ಕೂ ಹಾಸನದ ಕಾಲದಲ್ಲಿಯೇ ಇಟ್ಟುಕೊಂಡೆ.

ಆ ದಿನ ಸೂರ್ಯ ಮುಳುಗಿದ್ದು ನಾವು ನೆಲಮಂಗಲದ ಹತ್ತಿರ ವಾಹನಗಳ ಸಾಲಿನಲ್ಲಿ ಸಿಕ್ಕಿಕೊಂಡಿದ್ದಾಗ, ಆರು ಗಂಟೆಯ ಸುಮಾರಿಗೆ. ಅಮ್ಮ ಕೈ ಮುಗಿದಳು. ಆತ ಮತ್ತೆ ಕಾಣಿಸಿಕೊಳ್ಳಲು ಎಷ್ಟು ಹೊತ್ತಾಗುತ್ತದೆಂಬುದು ನಮಗಾರಿಗೂ ಹೊಳೆದಿರಲಿಲ್ಲ.

ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಮೊದಲ ಜಗಳ ಗಾಲಿಕುರ್ಚಿಯದು. ನಡೆಯಬಲ್ಲವಳನ್ನು ಕುರ್ಚಿಯಲ್ಲಿ ಕೂರಿಸಿ ತಳ್ಳಿಸುವುದೆ? “ನಾನೇನು ಕಾಲಿಲ್ಲದವಳೇನೋ?” ಎಂದಳು. ಅತ್ತಿತ್ತ ನೋಡಿದರೆ ಗೋಡೆಯ ಪಕ್ಕ ಹತ್ತು ಹನ್ನೆರಡು ಕುರ್ಚಿಗಳ ಸಾಲು. ಒಂದೊಂದರಲ್ಲಿಯೂ ಅಮ್ಮನ ವಯಸ್ಸಿನ ಒಬ್ಬೊಬ್ಬ ಹೆಂಗಸು, ಮಡಿಲಲ್ಲಿ ಕೈಚೀಲ, ಕಾಲಿಗೆ ಹೊಸ ಬೂಟು, ಸೀರೆಯ ಮೇಲೆ ಉಣ್ಣೆಯ ಕೋಟು. ಅವರಲ್ಲಿ ಬಹುಪಾಲು ಜನಕ್ಕೆ ಕಾಲು ಚೆನ್ನಾಗಿಯೇ ಇದೆ. ಇಂಗ್ಲಿಷ್ ಬಾರದವರನ್ನು ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ತಪ್ಪದೆ ಮುಟ್ಟಿಸಲು ಮಕ್ಕಳು ಕಂಡುಕೊಂಡ ಉಪಾಯ ಈ ಕುರ್ಚಿ. ಹಿಂದೆ ಸೊಸೆಯ ತವರಿನಿಂದ ಎತ್ತಿನ ಗಾಡಿಯಲ್ಲಿ ಬರುತ್ತಿದ್ದ ಬಾಣಂತನದ ಅಜ್ಜಿಯರು ಇವರೇ ಅಲ್ಲವೆ? ಪಕ್ಕದ ಕುರ್ಚಿಯ ತುಮಕೂರಿನ ಹೆಂಗಸು ಅಮ್ಮನನ್ನು ನೋಡಿ, “ಕೂತ್ಕೊಳ್ಳಿ, ಇದು ಮೂರನೆಯ ಸಲ ನನಗೆ, ನಡೆದರೆ ಕೆಡ್ತೀರಿ” ಎಂದರು. ಮಗನ ಮಾತಿಗೆ ಬಗ್ಗದವಳು ಅವರ ಮಾತಿಗೆ ಬಗ್ಗಿದಳು.

ಅಬುಧಾಬಿಯಲ್ಲಿ ಇಳಿದಾಗ ಅಲ್ಲಿ ನಡುರಾತ್ರಿ ದಾಟಿತ್ತು; ನನ್ನ ಗಡಿಯಾರ ಅದಕ್ಕಿಂತ ಒಂದೂವರೆ ಗಂಟೆ ಮುಂದೆ. ಕೊಲ್ಲಿಯ ನಿಲ್ದಾಣಗಳ ವ್ಯಾಪಾರವೆಲ್ಲ ಈ ಹೊತ್ತಿನಲ್ಲಿಯೇ. ಇಂಡಿಯಾ ಕಡೆಯ ವಿಮಾನಗಳು ರಾತ್ರಿ ಬಂದು ಸುರಿಯುತ್ತವೆ. ಯೂರೋಪು ಅಮೆರಿಕಗಳ ವಿಮಾನಗಳು ಬೆಳಗಿನ ಜಾವದ ಹೊತ್ತಿಗೆ ಅವರನ್ನೆಲ್ಲ ತುಂಬಿಕೊಂಡು ಹೋಗುತ್ತವೆ. ರಾತ್ರಿ ಒಂದು ಗಂಟೆಗೆ ಅಲ್ಲಿ ನಮ್ಮ ಸಂತೆಯ ನಡುಹಗಲು. ಸುಗಂಧದ ಅಂಗಡಿ, ಖರ್ಜೂರದ ಅಂಗಡಿ, ಚಿನ್ನದ ಅಂಗಡಿ. ಅವುಗಳ ನಡುವೆ ನೆಲದ ಮೇಲೆ ಮುಸುಕೆಳೆದು ಮಲಗಿದ ಕೂಲಿಯ ಹುಡುಗರು. ಹಿಂದಿನ ಕಾಲದ ಛತ್ರಗಳು ನನಗೆ ನೆನಪಾದುವು. ಛತ್ರದಲ್ಲಿ ಜಗಲಿಯಿತ್ತು, ಬಾವಿಯಿತ್ತು, ದೀಪ ಆರಿಸುವ ಹೊತ್ತು ಎಂಬುದೊಂದಿತ್ತು. ಇಲ್ಲಿ ದೀಪ ಆರುವುದಿಲ್ಲ. ದಾರಿಯ ಆಯಾಸಕ್ಕಿಂತ ಈ ಆರದ ದೀಪ ಮನುಷ್ಯನನ್ನು ಹೆಚ್ಚು ಹಣ್ಣು ಮಾಡುತ್ತದೆ. ಏಳು ವರ್ಷದ ಮಗ ಕೈಚೀಲದ ಮೇಲೆ ತಲೆಯಿಟ್ಟು, “ಇನ್ನೂ ನಾಳೆ ಆಗಲಿಲ್ಲವಾ ಅಪ್ಪಾ?” ಎನ್ನುತ್ತ ನಿದ್ದೆ ಹೋದ. ನನ್ನ ಹೆಂಡತಿ ಪಾಸ್‌ಪೋರ್ಟುಗಳನ್ನು ಮೂರನೆಯ ಸಲ ಎಣಿಸುತ್ತಿದ್ದಳು.

ಅಮೆರಿಕಕ್ಕೆ ಹೋಗುವವರ ತಪಾಸಣೆಯನ್ನು 2014ರಿಂದ ಅಬುಧಾಬಿಯಲ್ಲಿಯೇ ಆ ದೇಶದ ಅಧಿಕಾರಿಗಳು ಮುಗಿಸುತ್ತಾರೆ. ಒಂದು ದೃಷ್ಟಿಯಿಂದ ಅನುಕೂಲವೇ: ಅಲ್ಲಿ ದಾಟಿದವನು ಷಿಕಾಗೋದಲ್ಲಿ ಒಳನಾಡಿನ ಪ್ರಯಾಣಿಕನಂತೆ ನೇರವಾಗಿ ಹೊರಬೀಳಬಹುದು. ಆದರೆ ನಿದ್ದೆ ತುಂಬಿದ ಕಣ್ಣಿನಲ್ಲಿ ಪ್ರಶ್ನೆಗಳಿಗೆ ಉತ್ತರ ಹೇಳಬೇಕು. ಅಮ್ಮನ ಸರದಿ ಬಂದಾಗ ಬೆರಳಚ್ಚಿನ ಗಾಜಿನ ಮೇಲೆ ಏನೂ ಮೂಡಲಿಲ್ಲ. ಮತ್ತೊಮ್ಮೆ, ಮಗದೊಮ್ಮೆ. ಅಧಿಕಾರಿ ಒದ್ದೆ ಕಾಗದದಿಂದ ಬೆರಳನ್ನು ಒರೆಸಿಕೊಳ್ಳಲು ಹೇಳಿದ. ಒತ್ತಿ ಹಿಡಿಯಲು ಹೇಳಿದ. ವೀಸಾಕ್ಕಾಗಿ ಚೆನ್ನೈಗೆ ಹೋದಾಗಲೂ ಹೀಗೆಯೇ ಆಗಿತ್ತು. ಒರಳುಕಲ್ಲು, ಹುಣಸೆಹಣ್ಣು, ಬೂದಿಯಲ್ಲಿ ತಿಕ್ಕಿದ ಪಾತ್ರೆ. ಐವತ್ತು ವರ್ಷಗಳಲ್ಲಿ ಬೆರಳ ತುದಿಯ ಗೆರೆಗಳು ಸವೆದುಹೋಗಿವೆ. ಅಮ್ಮನಿಗೆ ನಾಚಿಕೆಯಾಯಿತು. ಏನೋ ತನ್ನದೇ ತಪ್ಪೆಂಬಂತೆ ಕೈಯನ್ನು ಸೆರಗಿನಲ್ಲಿ ಮತ್ತೆ ಮತ್ತೆ ಒರೆಸಿಕೊಂಡಳು. ಆ ಅಧಿಕಾರಿ ಒಳ್ಳೆಯವನು, ಅವಸರಪಡಿಸಲಿಲ್ಲ. ಕೊನೆಗೆ ಎಡಗೈಯ ನಡುಬೆರಳು ಎಲ್ಲಕ್ಕಿಂತ ಮೊದಲು ಮೂಡಿತು, ಉಳಿದವು ಒಂದೊಂದಾಗಿ ಬಂದುವು. ಕನ್ನಡ ಎಂ.ಎ. ಮಾಡಿ ಇಪ್ಪತ್ತು ವರ್ಷ ಪಾಠ ಹೇಳಿದ ನನ್ನ ಹತ್ತು ಬೆರಳುಗಳೂ ಒಂದೇ ಸಲಕ್ಕೆ ಚೆನ್ನಾಗಿ ಅಚ್ಚಾದುವು ಎಂಬುದನ್ನೂ ಇಲ್ಲಿ ಹೇಳಬೇಕು.

ಮೂರು ಗಂಟೆಯ ನಂತರ ವಿಮಾನ ಮೇಲೇರಿತು. ಸುಮಾರು 11,600 ಕಿಲೋಮೀಟರಿನ ದಾರಿ, ಹದಿನಾಲ್ಕೂವರೆ ಗಂಟೆ. ಕೊಟ್ಟ ಸೀಟುಗಳು ಮೂರು ಕಡೆ ಚದರಿಹೋಗಿದ್ದರೂ ಯಾರೋ ಪುಣ್ಯಾತ್ಮರು ಸ್ಥಳ ಬದಲಿಸಿಕೊಂಡು ಅಮ್ಮ, ಮಗಳು, ನಾನು ಎಡಗಡೆಯ ಕಿಟಕಿಯ ಸಾಲಿನಲ್ಲಿ ಒಟ್ಟಿಗೆ ಕೂರುವಂತಾಯಿತು. ಹೊರಟು ಎರಡು ಗಂಟೆಯಾಗುವ ಹೊತ್ತಿಗೆ ನನ್ನ ಗಡಿಯಾರದಲ್ಲಿ ಬೆಳಗಿನ ಏಳು. ಮಾತ್ರೆಯ ಹೊತ್ತು. ಡಬ್ಬಿಯಲ್ಲಿ ಮೆಂತ್ಯದ ಸೊಪ್ಪಿನ ಚಪಾತಿ, ಚಟ್ನಿಪುಡಿ ಇತ್ತು. ಅಮ್ಮ ಮುಟ್ಟಲಿಲ್ಲ.

“ಊರಲ್ಲಿ ಬೆಳಗಾಯ್ತು. ಏಕಾದಶಿ ಬಂತು” ಎಂದಳು.

ನಾನು ಆಪದ್ಧರ್ಮದ ಮಾತೆತ್ತಿದೆ. ರೋಗಿಗೂ ಪ್ರಯಾಣಿಕರಿಗೂ ವ್ರತದ ವಿನಾಯಿತಿಯುಂಟೆಂದು ವಿಸ್ತಾರವಾಗಿ ನಿರೂಪಿಸಿದೆ. “ನಿನ್ನ ಪುಸ್ತಕದ ಮಾತು ನಿನ್ನ ಹುಡುಗರಿಗೆ ಹೇಳು” ಎಂದು ಕಣ್ಣು ಮುಚ್ಚಿದಳು. ಹಾಲು ಹಣ್ಣಿನಲ್ಲಿ ಕಳೆದರಾಯಿತು ಎನ್ನಲು ಇದು ಮನೆಯಲ್ಲ. ಮೂವತ್ತೈದು ಸಾವಿರ ಅಡಿಯ ಮೇಲೆ, ಹೊರಗೆ ಸೊನ್ನೆಗಿಂತ ಐವತ್ತು ಡಿಗ್ರಿ ಕೆಳಗಿನ ಚಳಿಯಲ್ಲಿ, ಅವಳು ಮತ್ತೆ ಬೆವರಿ ಕುಸಿದರೆ ಮಾಡುವುದೇನು? ಅಡಿಗೆಮನೆಯ ಆ ಸಂಜೆ ನನ್ನ ಕಣ್ಣ ಮುಂದೆ ನಿಂತಿತ್ತು.

ಹದಿನಾಲ್ಕು ವರ್ಷದ ಮಗಳು ಕಿಟಕಿಯ ಮುಚ್ಚಳವನ್ನು ಮೇಲೆತ್ತಿದಳು. ಹೊರಗೆ ಕಗ್ಗತ್ತಲೆ, ರೆಕ್ಕೆಯ ತುದಿಯ ದೀಪವೊಂದೇ.

“ಅಜ್ಜಿ, ಪಂಚಾಂಗದಲ್ಲಿ ಒಂದು ದಿನದ ತಿಥಿ ಅಂದರೆ ಯಾವುದು? ನೀನೇ ಹೇಳಿಕೊಟ್ಟಿದ್ದೆಯಲ್ಲ.”

“ಸೂರ್ಯ ಹುಟ್ಟುವಾಗ ಇರೋ ತಿಥಿ.”

“ಎಲ್ಲಿ ಹುಟ್ಟುವಾಗ?”

“ನಾವಿರೋ ಕಡೆ.”

“ನಾವಿರೋ ಕಡೆ ಹುಟ್ಟಿಲ್ಲವಲ್ಲ. ನೋಡು.”

ಅಮ್ಮ ಬಹಳ ಹೊತ್ತು ಗಾಜಿಗೆ ಹಣೆಯೊತ್ತಿ ನೋಡಿದಳು. ಅವಳು ಸೋತಳೆಂದು ನಾನು ಹೇಳಲಾರೆ. ಆ ನಿಯಮ ಅವಳದೇ. ಪಕ್ಷಕ್ಕೊಮ್ಮೆ ಪಂಚಾಂಗವನ್ನು ಬಿಡಿಸಿ ಮೊಮ್ಮಗಳಿಗೆ ಓದಿಸುತ್ತಿದ್ದವಳು ಅವಳೇ. ಹಾಸನದ ಉದಯವನ್ನು ಇಲ್ಲಿಯವರೆಗೆ ಹೊತ್ತು ತರಲು ಶಾಸ್ತ್ರ ಒಪ್ಪುವುದಿಲ್ಲವೆಂಬುದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. “ಹಾಗಾದರೆ ಇನ್ನೂ ದಶಮಿಯ ರಾತ್ರಿಯೇ ನಡೀತಿದೆ” ಎಂದು ಡಬ್ಬಿಗೆ ಕೈಯಿಟ್ಟಳು. ನನ್ನ ಶ್ಲೋಕಗಳಿಗೆ ಬಾರದ ಫಲ ಒಂದು ಕಿಟಕಿಯಿಂದ ಬಂತು.

ಆಮೇಲೆ ಆದದ್ದು ವಿಚಿತ್ರ. ಸೂರ್ಯ ಹುಟ್ಟಲೇ ಇಲ್ಲ. ನಾವು ವಾಯವ್ಯಕ್ಕೆ ಓಡುತ್ತಿದ್ದೆವು. ಬೆಳಕು ನಮ್ಮ ಬೆನ್ನು ಹತ್ತಿ ಬರುತ್ತಿತ್ತು. ಅದು ಚಳಿಗಾಲದ ನಡುಭಾಗ. ಉತ್ತರ ಧ್ರುವವೃತ್ತದ ಆಚೆಗೆ ಆ ದಿನಗಳಲ್ಲಿ ಸೂರ್ಯೋದಯವೆಂಬುದೇ ಇಲ್ಲ. ವಿಮಾನದ ದಾರಿ ಆ ಕತ್ತಲೆಯ ಅಂಚನ್ನೇ ಹಿಡಿದು ಸಾಗುತ್ತಿತ್ತು. ಜನ ನಿದ್ದೆ ಹೋದರು, ಎದ್ದರು, ಮತ್ತೆ ನಿದ್ದೆ ಹೋದರು. ಮಕ್ಕಳು ಅತ್ತವು. ಕಾಲು ಬಾತು ಬೂಟುಗಳು ಬಿಗಿಯಾದುವು. ಅಮ್ಮನನ್ನು ಎಬ್ಬಿಸಿ ಸೀಟುಗಳ ನಡುವಣ ಓಣಿಯಲ್ಲಿ ನನ್ನ ಹೆಂಡತಿ ಅತ್ತಿಂದಿತ್ತ ನಡೆಸಿದಳು. “ಪ್ರದಕ್ಷಿಣೆ ಹಾಕ್ತಿದೀವಿ ಅಂದ್ಕೊಳ್ಳಿ ಅತ್ತೆ” ಎಂದು ಅವಳು, “ದೇವರೆಲ್ಲಿ?” ಎಂದು ಇವಳು. ಮಾತ್ರೆಯ ಹೊತ್ತು ಮತ್ತೆ ಬಂತು. ನನ್ನ ಗಡಿಯಾರದಲ್ಲಿ ಮಧ್ಯಾಹ್ನ ಎರಡು. ಎದುರಿನ ಪರದೆಯ ನಕ್ಷೆಯಲ್ಲಿ ಗ್ರೀನ್‌ಲ್ಯಾಂಡ್ ಹತ್ತಿರವಾಗುತ್ತಿತ್ತು. “ಹುಟ್ಟಿದನೇನೆ?” ಎಂದು ಅಮ್ಮ ಮೊಮ್ಮಗಳನ್ನು ಕೇಳಿದಳು. “ಇಲ್ಲ ಅಜ್ಜಿ.” ಇನ್ನೊಂದು ಚಪಾತಿ. ಎರಡು ಚಪಾತಿ ಉಳಿದಿವೆ ಎಂಬುದನ್ನು ನಾನು ಗುಟ್ಟಾಗಿ ನೋಡಿ ಸಮಾಧಾನಪಟ್ಟೆ.

ಷಿಕಾಗೋ ಮುಟ್ಟಲು ಇನ್ನೊಂದು ಗಂಟೆಯಿರುವಾಗ, ಮೋಡದ ಹಾಸಿನ ಆಚೆ ಕೆಂಪು ಗೆರೆಯೊಂದು ಕಾಣಿಸಿತು. ಅದು ಅಗಲವಾಗಲು ಬಹಳ ಹೊತ್ತು ಹಿಡಿಯಿತು. ಅಮ್ಮ ಎದ್ದು ಸರಿಯಾಗಿ ಕೂತು, ಬಾಯಿ ಮುಕ್ಕಳಿಸಿ, ಸೆರಗು ಹೊದ್ದು ಕಾದಳು. ನೆಲಮಂಗಲದಲ್ಲಿ ಮುಳುಗಿದವನು ಮೋಡದ ಮೇಲೆ ಎದ್ದಾಗ ನನ್ನ ಗಡಿಯಾರ ಸಂಜೆಯ ಆರೂವರೆ ದಾಟಿತ್ತು. ಷಿಕಾಗೋದ ನೆಲದ ಲೆಕ್ಕ ಹಿಡಿದರೆ ಅಂದಿನ ಸೂರ್ಯೋದಯ 7 ಗಂಟೆ 17 ನಿಮಿಷಕ್ಕೆ. ಇಪ್ಪತ್ತೈದು ಗಂಟೆಗೆ ಹದಿಮೂರೇ ನಿಮಿಷ ಕಡಿಮೆಯ ರಾತ್ರಿ. ಏಕಾದಶಿಯ ತಿಥಿ ಆಗಲೂ ಇತ್ತು. ಊರಿನ ಪಂಚಾಂಗದಲ್ಲಿ ಅದರ ಮುಕ್ತಾಯ ಆ ದಿನದ ಮಧ್ಯರಾತ್ರಿ ಕಳೆದ ಮೇಲೆ. ಅಮ್ಮ ಬೆರಳು ಮಡಿಸಿ ಲೆಕ್ಕ ಹಾಕಿ, ಕೈ ಮುಗಿದು, ಡಬ್ಬಿಯ ಮುಚ್ಚಳ ಹಾಕಿಬಿಟ್ಟಳು.

ಷಿಕಾಗೋದಲ್ಲಿ ಮತ್ತೆ ಐದು ಗಂಟೆ ಕಾಯಬೇಕಾಗಿತ್ತು. ಅದರ ವಿಷಯ ಹೇಳುವಂಥದು ಹೆಚ್ಚಿಲ್ಲ. ಎಲ್ಲ ನಿಲ್ದಾಣಗಳ ಕುರ್ಚಿಗಳೂ ಒಂದೇ. ಒಂದು ಲೋಟ ಹಾಲು, ಒಂದು ಬಾಳೆಹಣ್ಣು, ಆಮೇಲೆ ಇನ್ನೊಂದು ಬಾಳೆಹಣ್ಣು: ಹೀಗೆ ವೈದ್ಯರೊಡನೆ ಅವಳು ಮಾಡಿಕೊಂಡಿದ್ದ ಹಳೆಯ ರಾಜಿ ಅಲ್ಲಿಯೂ ಜಾರಿಗೆ ಬಂತು. ಮಗಳು ಗಂಟೆಗೊಮ್ಮೆ ಅಜ್ಜಿಯ ಅಂಗೈ ಮುಟ್ಟಿ ಬೆವರಿದೆಯೇ ಎಂದು ನೋಡುತ್ತಿದ್ದಳು. ಯಾರೂ ಅವಳಿಗೆ ಹಾಗೆ ಮಾಡಲು ಹೇಳಿರಲಿಲ್ಲ.

ಹನ್ನೊಂದೂವರೆ ಗಂಟೆಗಳ ಅಂತರವಿರುವ ಊರಿನಲ್ಲಿ ದೇಹ ಒಂದು ರಾತ್ರಿಗೆಲ್ಲ ಒಗ್ಗಿಕೊಳ್ಳುವುದಿಲ್ಲ. ಡೆಮಾಯ್ನ್‌ನ ಮನೆಯಲ್ಲಿ ಮೊದಲ ರಾತ್ರಿ ಮೂರು ಗಂಟೆಗೇ ನಾವೈವರೂ ಎದ್ದು ಕುಳಿತಿದ್ದೆವು. ತುಂಬು ಬಸುರಿ ತಂಗಿಯೂ ಎದ್ದು ಬಂದಳು. ಅಮ್ಮ ಆಗಲೇ ಸ್ನಾನ ಮಾಡಿ, ಆ ಮನೆಯ ಅಡಿಗೆಮನೆಯ ಡಬ್ಬಿಗಳನ್ನೆಲ್ಲ ತೆರೆದು ನೋಡಿ, ತೊಗರಿಬೇಳೆ ಹಳೆಯದೆಂದು ಗೊಣಗಿ, ದ್ವಾದಶಿಯ ಪಾರಣೆಗೆಂದು ಅಕ್ಕಿ ತೊಳೆದಿಟ್ಟಿದ್ದಳು. ಒಲೆಗಳ ಗುಂಡಿಗಳನ್ನು ಹೇಗೆ ತಿರುಗಿಸಬೇಕೆಂದು ತಂಗಿ ತೋರಿಸಿಕೊಡುತ್ತಿದ್ದಳು.

“ಇಲ್ಲಿ ಎಷ್ಟು ಹೊತ್ತಿಗೆ ಹುಟ್ಟುತ್ತಾನೆ ನೋಡಿ ಹೇಳೆ” ಎಂದು ಅಮ್ಮ ಮೊಮ್ಮಗಳನ್ನು ಕೇಳಿದಳು.

“ಏಳೂವರೆ ದಾಟಿದ ಮೇಲೆ ಅಜ್ಜಿ.”

“ಅಷ್ಟರಲ್ಲಿ ಸಾರಿಗೆ ಇಡಬಹುದು” ಎಂದು ಹುಣಸೆಹಣ್ಣು ನೆನೆಹಾಕಿದಳು.