ಮಯೋರ್ಕ ದ್ವೀಪದಲ್ಲೊಂದು ಚಳಿಗಾಲ

ಸ್ಪೇನಿನ ಚಳಿಗಾಲವೆಂದರೆ ಎಳಬಿಸಿಲು, ಕಿತ್ತಳೆಯ ತೋಟ ಎಂದು ನಾವು ಊಹಿಸಿಕೊಳ್ಳುವುದುಂಟು. ಲೇಖಕಿ ಜಾರ್ಜ್ ಸಾಂಡಳೂ ಪಿಯಾನೋ ವಿದ್ವಾಂಸ ಶೋಪಾನನೂ ಹಾಗೆಯೇ ಊಹಿಸಿ, ಆಕೆಯ ಇಬ್ಬರು ಮಕ್ಕಳೊಡನೆ 1838ರ ನವೆಂಬರಿನಲ್ಲಿ ಮಯೋರ್ಕ ದ್ವೀಪದ ಪಾಲ್ಮ ನಗರವನ್ನು ಸೇರಿದರು. ಇವರು ವಿಧಿವತ್ತಾಗಿ ದಂಪತಿಗಳಲ್ಲ. ದ್ವೀಪದವರಿಗೆ ಅದೂ ಒಂದು ಮುನಿಸು.

ಮೊದಲ ದಿನಗಳೇನೋ ಹಿತವಾಗಿದ್ದುವು. ಆದರೆ ಮೆಡಿಟರೇನಿಯನ್ ಪ್ರಾಂತಗಳಲ್ಲಿ ಬೇಸಿಗೆಯು ಒಣಗಾಲ. ಪಶ್ಚಿಮದ ಗಾಳಿಗಳು ದಕ್ಷಿಣಕ್ಕೆ ಸರಿದು ಬರುವ ಚಳಿಗಾಲದ ತಿಂಗಳುಗಳಲ್ಲಿಯೇ ಅಲ್ಲಿ ಮಳೆ. ನಮ್ಮ ಮುಂಗಾರಿಗೆ ಇದು ತೀರ ವಿಪರೀತ. ಮಳೆ ಹಿಡಿಯಿತು. ಹೊಗೆಗೂಡಿಲ್ಲದ ತೆಳುಗೋಡೆಯ ಮನೆಯಲ್ಲಿ ಇದ್ದಿಲ ಅಗ್ಗಿಷ್ಟಿಕೆಯ ಹೊಗೆ ತುಂಬಿ, ಶೋಪಾನನ ಕೆಮ್ಮು ಬಲಿಯಿತು. ಕ್ಷಯವೆಂಬ ಸುದ್ದಿ ಹರಡಿದೊಡನೆ ಮನೆಯೊಡೆಯನು ಅವರನ್ನು ಹೊರಡಿಸಿ, ಗೋಡೆಗೆ ಸುಣ್ಣ ಬಳಿಸುವ ವೆಚ್ಚವನ್ನೂ ಕೇಳಿದನು.

ಸಾಂಡಳು ತನ್ನ ಗ್ರಂಥದಲ್ಲಿ ಈ ಜನರನ್ನು ಕಟುವಾಗಿಯೇ ಹಳಿದಿದ್ದಾಳೆ. ಆಗಿನ ಫ್ರಾನ್ಸಿನ ವೈದ್ಯರಲ್ಲಿ ಬಹುಮಂದಿ ಕ್ಷಯವು ವಂಶದಿಂದ ಬರುವುದೆಂದು ನಂಬಿದ್ದರು. ಸ್ಪೇನಿನವರು ಅದನ್ನು ಅಂಟುಜಾಡ್ಯವೆಂದು ತಿಳಿದಿದ್ದರು. 1882ರಲ್ಲಿ ಕಾಖ್ ಪಂಡಿತನು ರೋಗಾಣುವನ್ನು ತೋರಿಸಿಕೊಟ್ಟಾಗ ದ್ವೀಪದವರ ನಂಬಿಕೆಯೇ ದಿಟವಾಯಿತು. ಅವರ ದಯೆಯ ಮಾತು ಬೇರೆ.

ಡಿಸೆಂಬರಿನಲ್ಲಿ ಇವರು ವಾಲ್ದೆಮೋಸದ ಬೆಟ್ಟದ ಮೇಲೆ, ಸನ್ಯಾಸಿಗಳನ್ನು ಸರ್ಕಾರವು ಕೆಲವೇ ವರ್ಷಗಳ ಹಿಂದೆ ತೆರವು ಮಾಡಿಸಿದ್ದ ಮಠದಲ್ಲಿ ಕೋಣೆಗಳನ್ನು ಹಿಡಿದರು. ಪ್ಯಾರಿಸಿನಿಂದ ಬಂದ ಪಿಯಾನೋ ಸುಂಕದವರ ಕೈಯಲ್ಲಿ ಸಿಕ್ಕಿ ಜನವರಿಯಲ್ಲಿ ಮೇಲೇರಿತು. ಅಷ್ಟರಲ್ಲಿಯೂ ಶೋಪಾನನು ತನ್ನ 24 ಪ್ರೆಲ್ಯೂಡುಗಳನ್ನು ಅಲ್ಲಿ ಮುಗಿಸಿದನು. ಬಾಲಕ ಮೋರಿಸನ ಆರೋಗ್ಯವಂತೂ ಸುಧಾರಿಸಿತು.

1839ರ ಫೆಬ್ರವರಿಯಲ್ಲಿ ಅವರು ಬಾರ್ಸಿಲೋನಕ್ಕೆ ಹೊರಟ ಉಗಿಹಡಗಿನ ಮುಖ್ಯ ಸರಕು ಹಂದಿಗಳು. ರೋಗಿಗೆ ಹಡಗಿನ ಅತಿ ಕೆಟ್ಟ ಹಾಸಿಗೆಯನ್ನೇ ಕೊಟ್ಟರೆಂದು ಸಾಂಡಳು ಬರೆಯುತ್ತಾಳೆ: ಆಮೇಲೆ ಅದನ್ನು ಸುಡಬೇಕಾಗಿದ್ದಿತಷ್ಟೆ.