ಮಾತು ತಪ್ಪದ ಓಟ

“ನಾಲ್ಕು ತಿಂಗಳಿಂದ ದಿನಾ ಓಡ್ತಿದ್ದೀನಿ ಸರ್. ಆದ್ರೂ ಹನ್ನೆರಡು ಕಿಲೋಮೀಟರ್ ದಾಟೋಕೆ ಆಗ್ತಿಲ್ಲ. ಕಾಲು ಕಲ್ಲಾಗಿಬಿಡುತ್ತೆ. ಇದು ನನ್ನ ಮೈಗೆ ಆಗಿಬರಲ್ಲ ಅನ್ಸುತ್ತೆ.”

ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಿಗ್ಗೆ ಸಿಗುವ ಯುವಕನೊಬ್ಬ ಹೀಗೆ ಹೇಳಿದ. “ಓಡುವಾಗ ಪಕ್ಕದವರ ಜೊತೆ ಮಾತಾಡೋಕಾಗುತ್ತಾ?” ಎಂದು ಕೇಳಿದೆ. “ಎಲ್ಲಿ ಸರ್, ಉಸಿರೇ ಸಿಗಲ್ಲ.”

ತೊಂದರೆ ಅಲ್ಲೇ ಇತ್ತು. ವಾರದ ಎಲ್ಲ ದಿನವೂ ಅವನು ಕೈಲಾದಷ್ಟು ಜೋರಾಗಿ ಓಡುತ್ತಿದ್ದ. ಮೊದಲ ಎರಡು ವರ್ಷ ನಾನೂ ಅದನ್ನೇ ಮಾಡಿದ್ದೆ. ನೌಕರಿ, ಮನೆ, ಮಕ್ಕಳ ನಡುವೆ ದಿನಕ್ಕೊಂದು ಗಂಟೆ ಹೊಂದಿಸಿಕೊಂಡು 21 ಅಥವಾ 42 ಕಿಲೋಮೀಟರ್ ಓಡಬಯಸುವವರು ಮೊದಲು ಕಲಿಯಬೇಕಾದ ವಿದ್ಯೆ ನಿಧಾನವಾಗಿ ಓಡುವುದು. ಅದೇಕೆ, ಹೇಗೆ ಎಂಬುದನ್ನು ಬಿಡಿಸಿ ಹೇಳುತ್ತೇನೆ.

ಮೈಯೊಳಗಿನ ಎರಡು ಉಗ್ರಾಣ

ಓಡುವ ದೇಹಕ್ಕೆ ಮುಖ್ಯವಾಗಿ ಎರಡು ಇಂಧನ: ಸಕ್ಕರೆ ಮತ್ತು ಕೊಬ್ಬು. ಉಂಡ ಅನ್ನ, ಮುದ್ದೆಯ ಪಿಷ್ಟವನ್ನು ದೇಹ ಗ್ಲೈಕೋಜನ್ ರೂಪದಲ್ಲಿ ಸ್ನಾಯುಗಳಲ್ಲೂ ಯಕೃತ್ತಿನಲ್ಲೂ ಕೂಡಿಡುತ್ತದೆ. ಈ ಉಗ್ರಾಣ ಚಿಕ್ಕದು. ಸುಮಾರು 400ರಿಂದ 500 ಗ್ರಾಂ ಹಿಡಿಸುತ್ತದೆ, ಎಂದರೆ 1600ರಿಂದ 2000 ಕ್ಯಾಲೊರಿ. ಕೊಬ್ಬಿನ ಉಗ್ರಾಣವಾದರೋ ತೆಳ್ಳಗಿನವರಲ್ಲೂ ಹತ್ತಾರು ಸಾವಿರ ಕ್ಯಾಲೊರಿಯಷ್ಟಿರುತ್ತದೆ.

ಬಚ್ಚಲ ಒಲೆಗೆ ಉರಿ ಹಾಕಿದವರಿಗೆ ಇವೆರಡರ ಗುಣ ಬೇಗ ಅರ್ಥವಾಗುತ್ತದೆ. ಸಕ್ಕರೆ ಪುಳ್ಳೆಯ ಹಾಗೆ, ಥಟ್ಟನೆ ಹತ್ತಿಕೊಂಡು ಜೋರಾಗಿ ಉರಿದು ಮುಗಿಯುತ್ತದೆ. ಕೊಬ್ಬು ದಿಮ್ಮಿಯ ಹಾಗೆ, ಹತ್ತಿಕೊಳ್ಳುವುದು ನಿಧಾನ, ಉರಿಯುವುದು ಬಹಳ ಹೊತ್ತು. ಅದು ಉರಿಯಲು ಆಮ್ಲಜನಕವೂ ಧಾರಾಳವಾಗಿ ಬೇಕು. ಏದುಸಿರು ಬಿಡುತ್ತ ಓಡಿದಷ್ಟೂ ದೇಹ ಪುಳ್ಳೆಯನ್ನೇ ಒಟ್ಟುತ್ತದೆ.

ಈಗ ಲೆಕ್ಕ ಹಾಕಿ. ಓಡಲು ಒಂದು ಕಿಲೋಮೀಟರಿಗೆ, ದೇಹತೂಕದ ಪ್ರತಿ ಕಿಲೋಗೆ, ಸುಮಾರು ಒಂದು ಕ್ಯಾಲೊರಿ ಬೇಕು. 60 ಕಿಲೋ ತೂಕದವರಿಗೆ 42.195 ಕಿಲೋಮೀಟರಿನ ಮ್ಯಾರಥಾನ್‌ಗೆ 2500 ಕ್ಯಾಲೊರಿ ಹತ್ತಿರ ಖರ್ಚು. ಸಕ್ಕರೆಯನ್ನೇ ನಂಬಿದರೆ 30 ಕಿಲೋಮೀಟರಿನ ಆಚೀಚೆ ಉಗ್ರಾಣ ಖಾಲಿ. ನನ್ನ ಮೊದಲ ಮ್ಯಾರಥಾನ್‌ನಲ್ಲಿ ಅರ್ಧ ದಾರಿಯನ್ನು ಉತ್ಸಾಹದಲ್ಲಿ ಬಹಳ ವೇಗವಾಗಿ ಮುಗಿಸಿದ್ದೆ. 31ನೇ ಕಿಲೋಮೀಟರಿನಲ್ಲಿ ಕಾಲು ಕಿತ್ತಿಡಲಾಗಲಿಲ್ಲ, ತಲೆ ಮಂಕಾಯಿತು. ಉಳಿದ 11 ಕಿಲೋಮೀಟರ್ ನಡೆದೇ ಮುಗಿಸಿದೆ. ಮನೋಬಲ ಸಾಲದಾಯಿತೆಂದು ಆ ದಿನ ನೊಂದುಕೊಂಡಿದ್ದೆ. ನಿಜಕ್ಕೂ ಮುಗಿದಿದ್ದದ್ದು ಇಂಧನ. ಆ ಯುವಕನ ತೊಂದರೆ ಇನ್ನೂ ಸರಳ. ದಿನದಿನದ ಜೋರು ಓಟದಿಂದ ಉಗ್ರಾಣ ತುಂಬುವ ಮೊದಲೇ ಬರಿದಾಗುತ್ತಿತ್ತು, ದಣಿದ ಸ್ನಾಯು ಸುಧಾರಿಸಿಕೊಳ್ಳಲು ಒಂದು ದಿನವೂ ಸಿಗುತ್ತಿರಲಿಲ್ಲ.

ನಿಧಾನದ ಓಟ ಮಾಡುವ ಕೆಲಸ

ತಿಂಗಳುಗಟ್ಟಲೆ ಹಗುರವಾಗಿ ಓಡಿದರೆ ಮೈ ಒಳಗಿನಿಂದ ಬದಲಾಗುತ್ತದೆ. ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ಹೊರದೂಡಲು ಕಲಿಯುತ್ತದೆ. ಆದ್ದರಿಂದಲೇ ಬೆಳಿಗ್ಗೆ ಎದ್ದಾಗಿನ ನಾಡಿಬಡಿತ ಇಳಿಯುತ್ತ ಬರುತ್ತದೆ. ಸ್ನಾಯುಗಳ ಸುತ್ತ ಹೊಸ ಲೋಮನಾಳಗಳು ಹುಟ್ಟುತ್ತವೆ. ಜೀವಕೋಶದ ಒಲೆಗಳಾದ ಮೈಟೊಕಾಂಡ್ರಿಯಾ ಹೆಚ್ಚುತ್ತವೆ. ಒಲೆ ಹೆಚ್ಚಿದಂತೆ ಅದೇ ವೇಗದಲ್ಲಿ ಓಡಲು ಕೊಬ್ಬು ಹೆಚ್ಚು, ಸಕ್ಕರೆ ಕಡಿಮೆ ಸಾಕು. ಉಗ್ರಾಣದ ಸಕ್ಕರೆ ಇನ್ನಷ್ಟು ದೂರಕ್ಕೆ ಬರುತ್ತದೆ.

ಇನ್ನೊಂದು ಕಾರಣವೂ ಇದೆ. ಉಸಿರು ಕೆಲವೇ ವಾರಗಳಲ್ಲಿ ಪಳಗುತ್ತದೆ. ಮೂಳೆ ಮತ್ತು ಸ್ನಾಯುರಜ್ಜುಗಳು ಗಟ್ಟಿಯಾಗಲು ತಿಂಗಳುಗಳು ಬೇಕು. ಎರಡನೇ ತಿಂಗಳಲ್ಲಿ “ಉಸಿರು ಬಂತು” ಎಂದು ಜೋರು ಮಾಡಿದವರು ಮೂರನೇ ತಿಂಗಳಲ್ಲಿ ಕುಂಟುತ್ತ ಬರುವುದು ಇದರಿಂದಲೇ.

ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡ್ ಬೂಟಿನ ಕಾರ್ಖಾನೆಯಲ್ಲಿ ದುಡಿಯುತ್ತ, ತನ್ನ ಮೈಯ ಮೇಲೇ ಪ್ರಯೋಗ ಮಾಡಿ ಈ ದಾರಿ ಕಂಡುಕೊಂಡರು. ಅವರ ಶಿಷ್ಯ ಪೀಟರ್ ಸ್ನೆಲ್ ಓಡುತ್ತಿದ್ದ ಒಂದು ಮುಖ್ಯ ಸ್ಪರ್ಧೆ ಬರೀ 800 ಮೀಟರಿನದು. ಆದರೂ ವಾರಕ್ಕೊಮ್ಮೆ ಸುಮಾರು 35 ಕಿಲೋಮೀಟರಿನ ಗುಡ್ಡದ ದಾರಿಯನ್ನು ಲಿಡಿಯಾರ್ಡ್ ಸ್ನೆಲ್‌ರಿಂದ ಓಡಿಸುತ್ತಿದ್ದರು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಸ್ನೆಲ್ 800 ಮೀಟರಿನಲ್ಲೂ, ಇನ್ನೊಬ್ಬ ಶಿಷ್ಯ ಮರ್ರೆ ಹಾಲ್ಬರ್ಗ್ 5000 ಮೀಟರಿನಲ್ಲೂ ಒಂದೇ ದಿನ ಚಿನ್ನ ಗೆದ್ದರು. ಮುಂದೆ ಸ್ಟೀಫನ್ ಸೈಲರ್ ಎಂಬ ಕ್ರೀಡಾವಿಜ್ಞಾನಿ ದೂರದ ಸ್ಪರ್ಧೆಗಳ ಶ್ರೇಷ್ಠರ ದಿನಚರಿಗಳನ್ನು ಪರಿಶೀಲಿಸಿದಾಗ, ಐದರಲ್ಲಿ ಸುಮಾರು ನಾಲ್ಕು ಅಭ್ಯಾಸಗಳು ಹಗುರವಾಗಿಯೇ ಇರುವುದು ಕಂಡುಬಂತು.

ನಿಧಾನ ಎಂದರೆ ಎಷ್ಟು?

ಎಲ್ಲಕ್ಕಿಂತ ನಂಬಿಕೆಯ ಅಳತೆ ಮಾತು. ಓಡುತ್ತಲೇ ಒಂದು ಪೂರ್ತಿ ವಾಕ್ಯ ತಡೆಯಿಲ್ಲದೆ ಹೇಳಲು ಸಾಧ್ಯವಾದರೆ ವೇಗ ಸರಿಯಾಗಿದೆ. ಮೂರು ಪದಕ್ಕೊಮ್ಮೆ ಉಸಿರು ಎಳೆದುಕೊಳ್ಳುವಂತಾದರೆ ಇಳಿಸಬೇಕು. ಒಬ್ಬರೇ ಓಡುವವರು ಗೊತ್ತಿರುವ ಹಾಡನ್ನೋ ಮಗ್ಗಿಯನ್ನೋ ಬಾಯಲ್ಲಿ ಹೇಳಿ ನೋಡಬಹುದು.

ಅಂಕಿಯಲ್ಲಿ ಬೇಕೆನ್ನುವವರಿಗೆ: ಪೂರಾ ಶಕ್ತಿ ಹಾಕಿ 10 ಕಿಲೋಮೀಟರನ್ನು ಒಂದು ಗಂಟೆಯಲ್ಲಿ ಓಡಬಲ್ಲವರ ದಿನನಿತ್ಯದ ವೇಗ ಕಿಲೋಮೀಟರಿಗೆ 7ರಿಂದ ಏಳೂವರೆ ನಿಮಿಷ ಇರಲಿ. ಹೃದಯಬಡಿತ ನೋಡುವವರು 220ರಿಂದ ವಯಸ್ಸು ಕಳೆದು, ಬಂದ ಸಂಖ್ಯೆಯ ನೂರಕ್ಕೆ 70–75ರ ಒಳಗೆ ಇರಬಹುದು. ಇದು ಒರಟು ಲೆಕ್ಕ, ಕೈಗಡಿಯಾರದ ಅಳತೆಯೂ ಆಗಾಗ ತಪ್ಪುತ್ತದೆ. ಅಂಕಿ ಒಂದು ಹೇಳಿ ಉಸಿರು ಇನ್ನೊಂದು ಹೇಳಿದರೆ ಉಸಿರನ್ನೇ ನಂಬಿ. ಮಂಗಳೂರಿನ ಸೆಖೆಯಲ್ಲಿ, ಕಲಬುರಗಿಯ ಬೇಸಿಗೆಯಲ್ಲಿ ಇದೇ ಉಸಿರಿಗೆ ವೇಗ ಇನ್ನೂ ಇಳಿಯುತ್ತದೆ, ಇಳಿಯಲಿ. ಬಿಸಿಲಿಗೆ ಮೈ ಒಗ್ಗಲು 10ರಿಂದ 14 ದಿನ ಹಿಡಿಯುತ್ತದೆ.

ಒಂದು ವಾರದ ಲೆಕ್ಕ

ನಿಲ್ಲದೆ 8 ಕಿಲೋಮೀಟರ್ ಓಡಬಲ್ಲವರು ಹಾಫ್ ಮ್ಯಾರಥಾನ್‌ಗೆ, ಎಂದರೆ 21.1 ಕಿಲೋಮೀಟರಿಗೆ, 12 ವಾರಗಳಲ್ಲಿ ತಯಾರಾಗಬಹುದು. ಅದರ ನಡುವಿನ ಒಂದು ವಾರ ಹೀಗಿರುತ್ತದೆ:

ಸೋಮವಾರ: ವಿಶ್ರಾಂತಿ.
ಮಂಗಳವಾರ: 7 ಕಿ.ಮೀ., ಮಾತಾಡುವ ವೇಗ.
ಬುಧವಾರ: 7 ಕಿ.ಮೀ., ನಡುವೆ ಜೋರಿನ ತುಂಡುಗಳು.
ಗುರುವಾರ: ಓಟವಿಲ್ಲ, ಅರ್ಧ ಗಂಟೆ ಬಲದ ಕಸರತ್ತು.
ಶುಕ್ರವಾರ: 7 ಕಿ.ಮೀ., ಮಾತಾಡುವ ವೇಗ.
ಶನಿವಾರ: 5 ಕಿ.ಮೀ., ಇನ್ನೂ ಹಗುರ.
ಭಾನುವಾರ: 14 ಕಿ.ಮೀ., ಉದ್ದ ಓಟ.

ಒಟ್ಟು 40 ಕಿಲೋಮೀಟರ್. ಐದು ಓಟಗಳಲ್ಲಿ ಒಂದೇ ಒಂದು ಜೋರಿನದು. ಮೊದಲ ವಾರವೇ 40 ಮುಟ್ಟಬೇಡಿ. 25ರಿಂದ ಆರಂಭಿಸಿ ವಾರಕ್ಕೆ ಎರಡು ಮೂರು ಕಿಲೋಮೀಟರ್ ಸೇರಿಸುತ್ತ ಬನ್ನಿ. ಪ್ರತಿ ನಾಲ್ಕನೇ ವಾರ ದೂರವನ್ನು ಕಾಲುಭಾಗ ಇಳಿಸಿ. ಬಲ ಕೂಡುವುದು ಓಡುವ ಹೊತ್ತಿನಲ್ಲಲ್ಲ, ಓಡಿದ ಮೇಲಿನ ನಿದ್ದೆ ಮತ್ತು ವಿಶ್ರಾಂತಿಯಲ್ಲಿ. ರಾತ್ರಿ ಏಳು ಗಂಟೆ ನಿದ್ದೆ ಸಿಗದ ದಿನ ಅಲಾರಾಂ ಆರಿಸಿ ಮಲಗಿದರೆ ಅದೂ ಅಭ್ಯಾಸವೇ. ಒಂದು ದಿನ ತಪ್ಪಿದರೆ ಅದನ್ನು ಮರುದಿನದ ಓಟಕ್ಕೆ ಸೇರಿಸಬೇಡಿ.

ಕತ್ತಲಿರುವಾಗ ರಸ್ತೆಗಿಳಿಯುವವರು ಎದುರಿಗೆ ಬರುವ ವಾಹನ ಕಾಣುವಂತೆ ರಸ್ತೆಯ ಬಲಬದಿಯಲ್ಲಿ ಓಡಬೇಕು, ಬೆಳಕಿಗೆ ಹೊಳೆಯುವ ಪಟ್ಟಿಯ ಅಂಗಿ ತೊಡಬೇಕು. ಮಣ್ಣಿನ ಹಾದಿ ಹತ್ತಿರವಿದ್ದರೆ ವಾರಕ್ಕೆರಡು ದಿನವಾದರೂ ಅಲ್ಲಿಗೆ ಹೋಗಿ. ಶ್ರೀರಂಗಪಟ್ಟಣದ ಬಳಿ ನಡೆಯುವ ಕಾವೇರಿ ಟ್ರೇಲ್ ಮ್ಯಾರಥಾನ್‌ನಂಥ ಓಟಕ್ಕೆ ಹೆಸರು ಕೊಟ್ಟವರಿಗಂತೂ ಮಣ್ಣಿನ ರೂಢಿ ಬೇಕೇ ಬೇಕು.

ಜೋರಿನ ದಿನ

ಬುಧವಾರ ಎರಡು ಕಿಲೋಮೀಟರ್ ಹಗುರವಾಗಿ ಓಡಿ ಮೈ ಬಿಸಿಯಾದ ಮೇಲೆ, ಮೂರು ನಿಮಿಷ ಜೋರು, ಎರಡು ನಿಮಿಷ ತೆವಳುವ ಓಟ. ಹೀಗೆ ಐದು ಸಲ. ಐದನೆಯದು ಮೊದಲನೆಯದರಷ್ಟೇ ವೇಗದಲ್ಲಿ ಮುಗಿಯಬೇಕು. ಮೂರನೆಯದಕ್ಕೇ ಸೋತರೆ ಆರಂಭ ಅತಿಯಾಗಿತ್ತು ಎಂದರ್ಥ. ಇನ್ನೊಂದು ವಾರ ಇದರ ಬದಲು ಟೆಂಪೊ ಓಟ ಮಾಡಿ: 20 ನಿಮಿಷ ಒಂದೇ ಸಮನೆ, ಎರಡು ಮೂರು ಪದಕ್ಕಿಂತ ಹೆಚ್ಚು ಮಾತಾಡಲಾಗದ ವೇಗದಲ್ಲಿ.

ಮೂರನೇ ಬಗೆ ಏರು. ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ಒಂದು ನಿಮಿಷ ಹತ್ತಿ, ನಡೆದು ಇಳಿದು, ಮತ್ತೆ ಹತ್ತುವುದು. ಏರಿನಲ್ಲಿ ಪಾದ ನೆಲಕ್ಕೆ ಬಡಿಯುವ ಹೊಡೆತ ಕಡಿಮೆ, ತೊಡೆಗೂ ಪೃಷ್ಠಕ್ಕೂ ಕೆಲಸ ಹೆಚ್ಚು. ಬೆಟ್ಟದ ಮೆಟ್ಟಿಲು ಹತ್ತುವುದೂ ಒಳ್ಳೆಯದೇ. ಇಳಿಯುವಾಗ ಮಾತ್ರ ಓಡಬೇಡಿ. ಮಂಡಿಯ ಮೇಲಿನ ಭಾರ ಹೆಚ್ಚುವುದು ಅಲ್ಲೇ.

ಉದ್ದ ಓಟ ಮತ್ತು ಊಟ

ಭಾನುವಾರದ ಓಟ ಎಲ್ಲಕ್ಕಿಂತ ಉದ್ದ, ಆದರೆ ವೇಗ ಅದೇ ಮಾತಿನದು. 10, 12, 14, ಆಮೇಲೆ ಒಂದು ವಾರ ಇಳಿಸಿ 10. ಮತ್ತೆ 14, 16, 18. ಅಭ್ಯಾಸದಲ್ಲಿ ಪೂರ್ತಿ 21 ಓಡಲೇಬೇಕೆಂದಿಲ್ಲ. ಓಟದ ದಿನ ಏನು ತಿನ್ನಬೇಕು, ಯಾವ ಬಟ್ಟೆ, ಯಾವ ಕಾಲುಚೀಲ ಎಂಬುದನ್ನೆಲ್ಲ ಪರೀಕ್ಷಿಸಲು ಇದೇ ದಿನ.

ಹೊರಡುವ ಅರ್ಧ ಗಂಟೆ ಮೊದಲು ಒಂದು ಬಾಳೆಹಣ್ಣು ಅಥವಾ ಮೂರು ಖರ್ಜೂರ ಸಾಕು. ಓಟ ಒಂದೂವರೆ ಗಂಟೆ ಮೀರುವುದಾದರೆ ದಾರಿಯಲ್ಲಿ ಗಂಟೆಗೆ 30ರಿಂದ 60 ಗ್ರಾಂ ಪಿಷ್ಟ ಅಥವಾ ಸಕ್ಕರೆ ಒಳಗೆ ಹೋಗಬೇಕು. ಒಂದು ಮಧ್ಯಮ ಗಾತ್ರದ ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ. ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ ನಿಂಬೆಹಣ್ಣು ಹಿಂಡಿದರೆ ಒಳ್ಳೆಯ ಪಾನಕ. ಚಮಚ ಮಟ್ಟವಾಗಿರಲಿ, ತಲೆತುಂಬ ಬೇಡ.

ಎಷ್ಟು ನೀರು ಬೇಕೆಂದು ತಿಳಿಯಲು ಓಡುವ ಮೊದಲೂ ಓಡಿದ ಮೇಲೂ ತೂಕ ನೋಡಿ. ಒಂದು ಕಿಲೋ ಇಳಿದಿದ್ದರೆ, ಕುಡಿದದ್ದು ಸಾಲದೆ ಇನ್ನೂ ಒಂದು ಲೀಟರಿನಷ್ಟು ಬೆವರು ಹೋಗಿದೆ ಎಂದರ್ಥ. ತೂಕ ಏರಿದ್ದರೆ ನೀರು ಅತಿಯಾಗಿದೆ. ಗಂಟೆಗಟ್ಟಲೆ ಓಡುತ್ತ ಬರೀ ನೀರನ್ನೇ ಮಿತಿಮೀರಿ ಕುಡಿದರೆ ರಕ್ತದ ಸೋಡಿಯಂ ಇಳಿದು ಜೀವಕ್ಕೇ ಅಪಾಯವಾಗಬಹುದು. ಬಾಯಾರಿದಾಗ ಕುಡಿಯುವುದು ಹೆಚ್ಚಿನವರಿಗೆ ಸಾಕು.

ಮನೆಗೆ ಬಂದು ಒಂದು ಗಂಟೆಯೊಳಗೆ ತಿಂಡಿ ತಿನ್ನಿ. ಇಡ್ಲಿ ಸಾಂಬಾರಿನ ಜೊತೆ ಮೊಳಕೆ ಹೆಸರುಕಾಳೋ ಎರಡು ಮೊಟ್ಟೆಯೋ ಇದ್ದರೆ ಪ್ರೋಟೀನಿನ ಕೊರತೆ ತುಂಬುತ್ತದೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ; ಮೂಳೆಗೆ ಕೆಲಸ ಕೊಡುವವರಿಗೆ ಮುದ್ದೆ, ಅಂಬಲಿ ಬೇಕಾದ ಆಹಾರ. ಓಡುವ ಹೆಣ್ಣುಮಕ್ಕಳು ವರ್ಷಕ್ಕೊಮ್ಮೆಯಾದರೂ ರಕ್ತದ ಹಿಮೋಗ್ಲೋಬಿನ್ ಮತ್ತು ಕಬ್ಬಿಣಾಂಶ ಪರೀಕ್ಷಿಸಿಕೊಳ್ಳಬೇಕು. ಬಿಡದ ಸುಸ್ತಿಗೆ ಎಷ್ಟೋ ಸಲ ಕಾರಣ ಅಲ್ಲಿರುತ್ತದೆ. ಊಟದ ಜೊತೆಗೇ ಕಾಫಿ ಕುಡಿದರೆ ಸೊಪ್ಪಿನ ಕಬ್ಬಿಣ ಮೈಗೆ ಹತ್ತುವುದು ಕಡಿಮೆ. ನಿಂಬೆರಸ ಹಿಂಡಿಕೊಂಡರೆ ಹೆಚ್ಚು ಹತ್ತುತ್ತದೆ.

ಗರಡಿಯ ಪಾಠ

ಗುರುವಾರದ ಕಸರತ್ತಿಗೆ ಯಂತ್ರಗಳು ಬೇಡ. 15 ಬಸ್ಕಿ, ಎರಡೂ ಕಾಲಿಗೆ ಹತ್ತು ಹತ್ತು ಒಂಟಿಗಾಲಿನ ಬಸ್ಕಿ, ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದು 20 ಸಲ, ಹತ್ತು ದಂಡ. ಇಷ್ಟನ್ನು ಮೂರು ಸುತ್ತು ಮಾಡಿ. ಓಡುವಾಗ ಪ್ರತಿ ಹೆಜ್ಜೆಯೂ ಒಂಟಿಗಾಲಿನ ಮೇಲೆ ಬೀಳುತ್ತದೆ. ತೊಡೆ, ಪೃಷ್ಠ, ಮೀನಖಂಡ ಬಲವಾಗಿದ್ದರೆ ಮಂಡಿಗೆ ತಾಗುವ ಹೊಡೆತವನ್ನು ಅವು ಹಂಚಿಕೊಳ್ಳುತ್ತವೆ.

ನೋವಿನಲ್ಲಿ ಎರಡು ಬಗೆ. ಎರಡೂ ಕಾಲಿನಲ್ಲಿ ಸಮನಾಗಿ ಹರಡಿ, ನಡೆದಾಡಿದರೆ ಕಡಿಮೆಯಾಗುವುದು ದಣಿವಿನ ನೋವು, ಹೆದರಬೇಕಿಲ್ಲ. ಒಂದೇ ಕಡೆ, ಬೆರಳಿಟ್ಟು ತೋರಿಸಬಹುದಾದ ಜಾಗದಲ್ಲಿ ಚುಚ್ಚುವ ನೋವು, ಅದರಲ್ಲೂ ಮಂಡಿಯ ಕೆಳಗೆ ಮುಂಭಾಗದ ಮೂಳೆಯ ಮೇಲಿನದು, ಗಾಯದ ಸೂಚನೆ. ಓಟ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಜ್ವರವಿದ್ದಾಗ ಓಡಲೇಬಾರದು. ಓಡುವಾಗ ಎದೆ ಬಿಗಿದರೆ, ಕಣ್ಣು ಕತ್ತಲಿಟ್ಟರೆ ಅಲ್ಲೇ ನಿಂತು ನೆರವು ಕೇಳಬೇಕು. 40 ದಾಟಿದವರು, ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು, ಮನೆತನದಲ್ಲಿ ಹೃದ್ರೋಗವಿರುವವರು ಶುರುಮಾಡುವ ಮೊದಲೇ ತಪಾಸಣೆ ಮಾಡಿಸಿಕೊಳ್ಳಬೇಕು.

ಕೊನೆಯ ಎರಡು ವಾರ

ಓಟಕ್ಕೆ ಎರಡು ವಾರವಿದ್ದಾಗ ಗಾಬರಿಯಿಂದ ದೂರ ಹೆಚ್ಚಿಸುವವರನ್ನು ಪ್ರತಿ ವರ್ಷ ನೋಡುತ್ತೇನೆ. ಆ ಹೊತ್ತಿಗೆ ಮಾಡಿದ ಅಭ್ಯಾಸ ಓಟದ ದಿನಕ್ಕೆ ಫಲ ಕೊಡುವುದಿಲ್ಲ, ದಣಿವನ್ನಷ್ಟೇ ಕೊಡುತ್ತದೆ. ದೂರವನ್ನು ಮೊದಲ ವಾರ ಮೂರನೇ ಒಂದು ಭಾಗ, ಕೊನೆಯ ವಾರ ಅರ್ಧಕ್ಕೂ ಹೆಚ್ಚು ಇಳಿಸಿ. ಜೋರಿನ ತುಂಡುಗಳು ಎರಡೋ ಮೂರೋ ಇರಲಿ.

ಓಟದ ದಿನ ಹೊಸ ಶೂ ಬೇಡ, ಹೊಸ ತಿಂಡಿ ಬೇಡ. ಮೊದಲ ಮೂರು ಕಿಲೋಮೀಟರಿನಲ್ಲಿ ಎಲ್ಲರೂ ನಿಮ್ಮನ್ನು ದಾಟಿ ಹೋಗುತ್ತಾರೆ, ಹೋಗಲಿ. 15ನೇ ಕಿಲೋಮೀಟರಿನವರೆಗೆ ಉಸಿರು ಕೈಯಲ್ಲಿರಲಿ, ಉಳಿದದ್ದನ್ನು ಆಮೇಲೆ ಖರ್ಚು ಮಾಡಿ.

ಆ ಯುವಕನಿಗೆ ಮೊದಲ ತಿಂಗಳು ನಿಧಾನದ ಓಟ ಬಹಳ ಕಷ್ಟವಾಯಿತು. ವೇಗವಾಗಿ ನಡೆಯುವ ಹಿರಿಯರೂ ತನ್ನ ಸರಿಸಮಕ್ಕೆ ಬರುತ್ತಾರೆ ಎಂದು ಸಂಕೋಚಪಡುತ್ತಿದ್ದ. ಆದರೂ ಬಿಡಲಿಲ್ಲ. ಹನ್ನೊಂದನೇ ವಾರದ ಭಾನುವಾರ ಇಬ್ಬರೂ ಜೊತೆಯಾಗಿ ಹೊರಟೆವು. ದಾರಿಯುದ್ದಕ್ಕೂ ಅವನು ಊರಿನ ಭತ್ತದ ಗದ್ದೆ, ತಂಗಿಯ ಮದುವೆ, ಕೆಲಸದ ಕಷ್ಟ ಹೇಳುತ್ತಲೇ ಇದ್ದ. ಮಾತಿನ ನಡುವೆ ಗಡಿಯಾರ ನೋಡಿ ಅವನ ದನಿ ನಿಂತಿತು. “ಸರ್, ಹದಿನಾರಾಯ್ತು!” ಅಷ್ಟು ಹೇಳಿ, ಬಿಟ್ಟ ಕಡೆಯಿಂದ ಮಾತು ಮುಂದುವರಿಸಿದ. ಉಸಿರು ಎಲ್ಲೂ ಕಡಿದಿರಲಿಲ್ಲ.